ಜೊಂಡಿನ ನಾಡಿನಲ್ಲಿ ಎರಡು ದಿನ: ಮಿನ್ಸ್‌ಮಿಯರ್, ಸಾಮರ್ಸೆಟ್, ಹಾಲೆಂಡ್, ಆಸ್ಟ್ರಿಯಾ — ನಿಮಗೆ ಯಾವುದು?

ಪ್ರತಿ ವರ್ಷ ಫೆಬ್ರವರಿ ಕಳೆಯುತ್ತಿದ್ದಂತೆ ನನಗೆ ಒಂದೇ ಥರದ ಫೋನುಗಳು ಬರತೊಡಗುತ್ತವೆ. ‘ಏಪ್ರಿಲ್‌ಗೆ ಅಪ್ಪ-ಅಮ್ಮ ಊರಿಂದ ಬರ್ತಿದಾರೆ. ಅಪ್ಪಂಗೆ ಹಕ್ಕಿ ಅಂದ್ರೆ ಪ್ರಾಣ. ಒಂದು ಶನಿವಾರ-ಭಾನುವಾರ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಒಬ್ರು ಮಿನ್ಸ್‌ಮಿಯರ್ ಅಂತಾರೆ, ಇನ್ನೊಬ್ರು ಸಾಮರ್ಸೆಟ್ ಅಂತಾರೆ, ಆಫೀಸಲ್ಲಿ ಒಬ್ರು ಹಾಲೆಂಡ್‌ಗೇ ಹೋಗಿಬಿಡು ಅಂದ್ರು.’ ಲಂಡನ್ನಿನಲ್ಲಿ ಮನೆ ಮಾಡಿದ ಮೇಲೆ ಈ ಜಾಗಗಳಿಗೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ಜೊತೆ ಹೋಗಿ ಬಂದಿದ್ದೇನೆ. ಫೋನಿನಲ್ಲಿ ಪ್ರತಿ ಸಲ ಅರ್ಧಂಬರ್ಧ ಹೇಳುವುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಬಹಳಷ್ಟು ಜನ ಹಕ್ಕಿ ನೋಡಲು ಕಲಿತದ್ದು ರಂಗನತಿಟ್ಟಿನಲ್ಲಿ. ಅಲ್ಲಿ ದೋಣಿ ಹತ್ತಿದ ಐದು ನಿಮಿಷಕ್ಕೆ ಮರದ ತುಂಬ ಬಣ್ಣದ ಕೊಕ್ಕರೆ, ಬಂಡೆಯ ಮೇಲೆ ಚಮಚಕೊಕ್ಕು, ಕೈಗೆಟುಕುವಷ್ಟು ಹತ್ತಿರದಲ್ಲಿ ಬೆಳ್ಳಕ್ಕಿಯ ಗೂಡು. ಜೊಂಡಿನ ಬಯಲು ಹಾಗಲ್ಲ. ನಮ್ಮ ಕೆರೆಯಂಚಿನ ಆಪಿನ ಹುಲ್ಲನ್ನು ನೆನೆಸಿಕೊಳ್ಳಿ. ಅದನ್ನು ಆಳೆತ್ತರ ಮೀರಿಸಿ, ಕಣ್ಣು ಹಾಯುವವರೆಗೂ ಹಬ್ಬಿಸಿ. ಹಕ್ಕಿಗಳೆಲ್ಲ ಅದರ ಒಳಗಿರುತ್ತವೆ. ಮೊದಲ ಒಂದು ಗಂಟೆ ಗಾಳಿಯ ಸದ್ದು ಬಿಟ್ಟರೆ ಏನೂ ಸಿಗದೆ ಹೋಗಬಹುದು. ಆದ್ದರಿಂದ ‘ಎಲ್ಲಿ ಹೆಚ್ಚು ಜಾತಿಯ ಹಕ್ಕಿಗಳಿವೆ’ ಎಂಬ ಪಟ್ಟಿ ನೋಡಿ ಜಾಗ ಆರಿಸಿದವರು ಬೇಸರಪಟ್ಟು ವಾಪಸ್ಸು ಬಂದದ್ದನ್ನು ನಾನು ಕಂಡಿದ್ದೇನೆ. ಯಾವ ತಿಂಗಳಲ್ಲಿ ಹೋಗುತ್ತೀರಿ, ಒಂದೇ ಕಡೆ ಎಷ್ಟು ಹೊತ್ತು ಕೂರುತ್ತೀರಿ, ಇವೆರಡರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು

ತಿಂಗಳು ಮೊದಲು, ಜಾಗ ಆಮೇಲೆ. ಇಲ್ಲಿ ಏಪ್ರಿಲ್‌ನಲ್ಲಿ ಕೇಳುವ ಜೊಂಡು ಬೇರೆ, ಅಕ್ಟೋಬರಿನಲ್ಲಿ ಕಾಣುವ ಜೊಂಡು ಬೇರೆ, ಡಿಸೆಂಬರಿನ ಸಂಜೆಯದು ಮತ್ತೂ ಬೇರೆ. ರಜೆ ಯಾವಾಗ ಸಿಗುತ್ತದೆ ಎಂಬುದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆಯೇ.

ಎರಡನೆಯದು, ಊರಿನಲ್ಲಿ ಕಾಣದ ಹಕ್ಕಿ ಯಾವುದು ಎಂಬುದು. ಇಲ್ಲಿನ ಪುಸ್ತಕಗಳಲ್ಲಿ, ಫಲಕಗಳಲ್ಲಿ ಯಾವುದನ್ನು ಅಪರೂಪ ಎನ್ನುತ್ತಾರೋ ಅದು ನಮಗೆ ಅಪರೂಪ ಆಗಿರಬೇಕಿಲ್ಲ. ದೊಡ್ಡ ಬೆಳ್ಳಕ್ಕಿ ಬ್ರಿಟನ್ನಿನಲ್ಲಿ ಮೊಟ್ಟಮೊದಲು ಗೂಡು ಕಟ್ಟಿದ್ದು 2012ರಲ್ಲಿ, ಸಾಮರ್ಸೆಟ್‌ನ ಶಾಪಿಕ್ ಹೀತ್‌ನಲ್ಲಿ. ಇಲ್ಲಿನ ಹಕ್ಕಿಪ್ರಿಯರಿಗೆ ಅದು ದೊಡ್ಡ ಸುದ್ದಿ. ಮಂಡ್ಯದ ನಾಲೆ ಏರಿಯ ಮೇಲೆ ಬೆಳೆದವರಿಗೆ ಅದನ್ನು ನೋಡಲು ಮೂರು ಗಂಟೆ ಕಾರು ಓಡಿಸಬೇಕಾದ ಅಗತ್ಯವಿಲ್ಲ. ನಾವು ಹುಡುಕಿಕೊಂಡು ಹೋಗಬೇಕಾದವು ಮುಖ್ಯವಾಗಿ ಎರಡು. ಒಂದು ಬಿಟರ್ನ್, ಒಣಜೊಂಡಿನದೇ ಬಣ್ಣ ಹೊತ್ತ, ಕೊಕ್ಕು ಮೇಲೆತ್ತಿ ನಿಂತರೆ ಜೊಂಡಿನ ಕಡ್ಡಿಯೇ ಆಗಿಬಿಡುವ ಬಕದ ಜಾತಿಯ ಹಕ್ಕಿ. ಇನ್ನೊಂದು ಬಿಯರ್ಡೆಡ್ ಟಿಟ್. ಇಂಗ್ಲಿಷಿನವರು ಗಡ್ಡ ಎನ್ನುತ್ತಾರೆ, ನಿಜವಾಗಿ ಗಂಡಿನ ಬೂದುನೀಲಿ ಮುಖದ ಎರಡೂ ಕಡೆ ಇಳಿಬಿದ್ದಿರುವುದು ಕಪ್ಪು ಮೀಸೆ. ನಮ್ಮ ಮನೆಯಲ್ಲಿ ಅದರ ಹೆಸರು ಮೀಸೆಗುಬ್ಬಿ. ಮುಂದೆಯೂ ಹಾಗೇ ಕರೆಯುತ್ತೇನೆ.

ಮೂರನೆಯದು ಪಾಸ್‌ಪೋರ್ಟ್. ಬ್ರಿಟನ್ನಿನಲ್ಲಿ ಎಷ್ಟೇ ವರ್ಷ ಇದ್ದರೂ ಭಾರತದ ಪಾಸ್‌ಪೋರ್ಟ್ ಇದ್ದರೆ ಹಾಲೆಂಡ್, ಆಸ್ಟ್ರಿಯಾಗಳಿಗೆ ಶೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಗಂಡ, ಹೆಂಡತಿ, ಎಂಟು ವರ್ಷದ ಮಗು ಎಂದಿಟ್ಟುಕೊಂಡರೆ 225 ಯೂರೋ. ಅರ್ಜಿ ಕೇಂದ್ರದವರು ತೆಗೆದುಕೊಳ್ಳುವ ಸೇವಾಶುಲ್ಕ ಬೇರೆ. ಒಂದು ವಾರಾಂತ್ಯಕ್ಕೆ ಇದು ಸಣ್ಣ ಮೊತ್ತವಲ್ಲ. ಊರಿಂದ ಬಂದ ಅಪ್ಪ-ಅಮ್ಮನ ವಿಷಯ ಇನ್ನೂ ಬಿಗಿ: ಅವರು ಸಾಮಾನ್ಯವಾಗಿ ಆ ವೀಸಾವನ್ನು ಊರಿನಲ್ಲೇ ಮಾಡಿಸಿಕೊಂಡು ಹೊರಡಬೇಕು. ಇಲ್ಲಿಗೆ ಬಂದ ಮೇಲೆ ಮನಸ್ಸಾದರೆ ತಡವಾಯಿತು. ಆಮ್ಸ್ಟರ್‌ಡ್ಯಾಮ್, ಮ್ಯೂನಿಕ್ ಕಡೆ ಇರುವ ಕನ್ನಡಿಗರಿಗೆ ಈ ಲೆಕ್ಕ ತಿರುಗುಮುರುಗು. ಅವರು ಬ್ರಿಟನ್ನಿನ ಎರಡು ಜಾಗಗಳನ್ನು ಸದ್ಯಕ್ಕೆ ಬದಿಗಿಟ್ಟು ಕೊನೆಯ ಎರಡನ್ನು ಓದಿದರೆ ಸಾಕು.

ಉಳಿದಂತೆ ಕಾರಿದೆಯೋ ಇಲ್ಲವೋ, ಜೊತೆಗೆ ಬರುವವರ ಮಂಡಿ ಎಷ್ಟು ದೂರ ನಡೆಸುತ್ತದೆ, ತಳ್ಳುಗಾಡಿಯ ಮಗುವಿದೆಯೇ, ಶೌಚಾಲಯ ಎಷ್ಟು ಹತ್ತಿರ. ಇವು ಸಣ್ಣ ವಿಷಯಗಳಂತೆ ಕಾಣುತ್ತವೆ. ಅರವತ್ತೈದು ದಾಟಿದವರನ್ನು ಕರೆದುಕೊಂಡು ಹೊರಟಾಗ ಇವೇ ದೊಡ್ಡ ವಿಷಯ.

ಮಿನ್ಸ್‌ಮಿಯರ್

ಒಂದೇ ಹೆಸರು ಹೇಳಿ ಎಂದರೆ ನಾನು ಹೇಳುವುದು ಇದನ್ನೇ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫಕ್‌ನಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಸಮುದ್ರದಿಂದ ಇಳಿದುಬಂದಾರು ಎಂಬ ಭಯಕ್ಕೆ 1940ರಲ್ಲಿ ಇಲ್ಲಿನ ಹುಲ್ಲುಗಾವಲಿಗೆ ಬೇಕೆಂದೇ ನೀರು ನುಗ್ಗಿಸಿದರು. ಸೈನ್ಯ ಬರಲಿಲ್ಲ, ಜೊಂಡು ಬಂತು, ಅದರ ಹಿಂದೆಯೇ ಹಕ್ಕಿಗಳು ಬಂದವು. 1947ರಿಂದ ಆರ್‌ಎಸ್‌ಪಿಬಿ ಎಂಬ, ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ. ನಮ್ಮ ಹೆಸರಘಟ್ಟದ ಮೇಲೂ ಚಳಿಗಾಲದಲ್ಲಿ ತೇಲುವ ಜೌಗು ಸೆಳೆವ ಎಂಬ ಬೇಟೆಹಕ್ಕಿ ಇದೆಯಲ್ಲ, 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಅದರ ಒಂದೇ ಒಂದು ಜೋಡಿ ಗೂಡು ಕಟ್ಟಿತ್ತು. ಆ ಜೋಡಿ ಇದ್ದದ್ದು ಇಲ್ಲಿ. ಹೊಲಕ್ಕೆ ಹೊಡೆದ ಕೀಟನಾಶಕ ಅವುಗಳ ಮೊಟ್ಟೆಯವರೆಗೂ ತಲುಪಿದ್ದ ಕಾಲ ಅದು. ಇವತ್ತು ಮೇ ತಿಂಗಳ ಒಂದು ಬೆಳಿಗ್ಗೆ ಇಲ್ಲಿ ಕೂತರೆ ಐದಾರು ಸೆಳೆವಗಳು ಏಕಕಾಲಕ್ಕೆ ಜೊಂಡಿನ ಮೇಲೆ ಅಲೆಯುತ್ತಿರುತ್ತವೆ. ಗಂಡು ಬೇಟೆ ಹಿಡಿದು ಮೇಲಿಂದ ಬಿಡುತ್ತದೆ, ಗೂಡಿನಿಂದ ಎದ್ದ ಹೆಣ್ಣು ಗಾಳಿಯಲ್ಲೇ ಮಗುಚಿ ಅದನ್ನು ಕಾಲಿನಿಂದ ಹಿಡಿಯುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಬಿಟರ್ನ್ ಕಥೆಯೂ ಅಂಥದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟನ್ನಿನಲ್ಲಿ ಅದು ಗೂಡು ಕಟ್ಟುವುದೇ ನಿಂತಿತ್ತು, 1911ರಲ್ಲಿ ನಾರ್ಫಕ್‌ನಲ್ಲಿ ಮತ್ತೆ ಶುರುವಾಯಿತು, 1997ರ ಹೊತ್ತಿಗೆ ಕೂಗುವ ಗಂಡುಗಳು ದೇಶಕ್ಕೆಲ್ಲ 11 ಉಳಿದಿದ್ದವು. ಜೊಂಡನ್ನು ಕೈಬಿಟ್ಟರೆ ಸತ್ತ ಎಲೆ ತುಂಬಿ ನೆಲ ಏರುತ್ತದೆ, ಒಣಗುತ್ತದೆ, ಗಿಡಮರ ನುಗ್ಗುತ್ತವೆ. ಇದು ಗೊತ್ತಾದ ಮೇಲೆ ಸರದಿಯಂತೆ ಜೊಂಡು ಕೊಯ್ದು, ಕಾಲುವೆ ತೋಡಿ, ನೀರಿನ ಮಟ್ಟ ಏರಿಸಿ ಉಳಿಸಿಕೊಂಡರು. ಈಗ ಕೂಗುವ ಗಂಡುಗಳ ಸಂಖ್ಯೆ 200 ಮೀರಿದೆ. ನೋಡಲು ಹೋಗುವವರಿಗೆ ಇದರಲ್ಲಿ ಒಂದು ಉಪಯೋಗದ ಸುಳಿವೂ ಇದೆ: ಕಳೆದ ಚಳಿಗಾಲದಲ್ಲಿ ಕೊಯ್ದ ತೆರವಿನ ಅಂಚನ್ನು ಗುರುತಿಸಿ ಅಲ್ಲೇ ಕಣ್ಣಿಡಿ. ಬಿಟರ್ನ್ ಮೀನಿಗಾಗಿ ಹೊರಬರುವುದು ಆ ಅಂಚಿಗೆ.

ನೋಡುವುದಕ್ಕಿಂತ ಕೇಳುವುದು ಸುಲಭ. ಮಾರ್ಚ್‌ನಿಂದ ಮೇವರೆಗೆ, ಬೆಳಗಿನ ಜಾವ ಮತ್ತು ಮುಸ್ಸಂಜೆ, ಗಂಡು ಬಿಟರ್ನ್ ಗುಮ್ಮೆನ್ನುವ ಸದ್ದು ಕಿಲೋಮೀಟರುಗಟ್ಟಲೆ ಹಬ್ಬುತ್ತದೆ. ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಐಲೆಂಡ್ ಮಿಯರ್ ಹೈಡ್‌ನಲ್ಲಿ ಕೂತಿದ್ದೆವು. ಹೈಡ್ ಎಂದರೆ ಹಕ್ಕಿಗೆ ಕಾಣದಂತೆ ಕೂತು ನೋಡಲು ಕಟ್ಟಿದ ಮರದ ಕೋಣೆ. ಮೂರು ಸಲ ಸದ್ದು ಬಂತು. ಅಮ್ಮ ತಲೆ ಓರೆ ಮಾಡಿ ಕೇಳಿ, ‘ಖಾಲಿ ಕೊಡದ ಬಾಯಿಗೆ ಊದಿದ ಹಾಗಿದೆ ಕಣೋ’ ಎಂದರು. ಪಕ್ಕದಲ್ಲಿದ್ದ ಇಂಗ್ಲಿಷ್ ಅಜ್ಜಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕುಡಿಯುತ್ತಿದ್ದ ನೀರಿನ ಬಾಟಲಿಯ ಬಾಯಿಗೆ ಮೆಲ್ಲಗೆ ಊದಿ ತೋರಿಸಿದರು. ಅದೇ ಸದ್ದು.

ಅನುಕೂಲದ ಮಟ್ಟಿಗೆ ಮಿನ್ಸ್‌ಮಿಯರ್‌ಗೆ ಸಾಟಿ ಇಲ್ಲ. ಬಾಗಿಲಿನಲ್ಲೇ ಕೆಫೆ, ಶೌಚಾಲಯ. ಐಲೆಂಡ್ ಮಿಯರ್ ಹೈಡ್‌ಗೆ ಮೆಟ್ಟಿಲಿಲ್ಲ, ಬಿಟರ್ನ್ ಹೈಡ್‌ಗೆ ಮಾತ್ರ ಹತ್ತಬೇಕು. ಜೊಂಡಿನಿಂದ ಹತ್ತು ನಿಮಿಷ ನಡೆದರೆ ಸಮುದ್ರ, ಒಳಗಡೆ ‘ಸ್ಕ್ರೇಪ್’ ಎಂದು ಕರೆಯುವ ತೋಡಿ ಮಾಡಿದ ಆಳವಿಲ್ಲದ ಕೊಳಗಳು. ಅಲ್ಲಿ ಕೊಕ್ಕು ಮೇಲಕ್ಕೆ ಬಾಗಿದ ಕಪ್ಪು-ಬಿಳಿ ಅವೊಸೆಟ್‌ಗಳು ಬಯಲಿನಲ್ಲೇ ನಿಂತಿರುತ್ತವೆ. ಜೊಂಡು ಕೈಕೊಟ್ಟ ದಿನವೂ ಮಕ್ಕಳಿಗೆ ತೋರಿಸಲು ಏನಾದರೂ ಇರುತ್ತದೆ. ಅದಕ್ಕೇ ಮೊದಲ ಸಲ ಹೋಗುವವರಿಗೆ ಇದು.

ತೊಂದರೆಗಳೂ ಇವೆ. ವಸಂತದ ವಾರಾಂತ್ಯಗಳಲ್ಲಿ ಜನ ಜಾಸ್ತಿ, ಹತ್ತು ಗಂಟೆಯ ಮೇಲೆ ಹೈಡ್‌ಗಳಲ್ಲಿ ಜಾಗ ಸಿಗುವುದು ಕಷ್ಟ. ಸಂಸ್ಥೆಯ ಸದಸ್ಯರಲ್ಲದಿದ್ದರೆ ಒಳಗೆ ಹೋಗಲು ಹಣ ಕೊಡಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಇಂಥ ಜಾಗಗಳಿಗೆ ಹೋಗುವ ಮನೆಯಾದರೆ ಸದಸ್ಯತ್ವವೇ ಅಗ್ಗ. ದಕ್ಷಿಣಕ್ಕೆ ಸೈಜ್‌ವೆಲ್ ಅಣುಸ್ಥಾವರದ ಬಿಳಿ ಗುಮ್ಮಟ ಪ್ರತಿ ಫೋಟೋದಲ್ಲೂ ಬರುತ್ತದೆ, ಅದರ ಪಕ್ಕ ಇನ್ನೊಂದು ಸ್ಥಾವರ ಕಟ್ಟುತ್ತಿರುವುದರಿಂದ ಸುತ್ತಲ ರಸ್ತೆಗಳಲ್ಲಿ ಲಾರಿಗಳ ಓಡಾಟ. ಕಾರಿಲ್ಲದವರು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ಇಪ್ಸ್‌ವಿಚ್, ಅಲ್ಲಿಂದ ಚಿಕ್ಕ ರೈಲಿನಲ್ಲಿ ಡಾರ್‌ಶಮ್‌ಗೆ ಬಂದು, ಉಳಿದ ಸುಮಾರು 8 ಕಿ.ಮೀ.ಗೆ ಟ್ಯಾಕ್ಸಿ ಹಿಡಿಯಬೇಕು. ಟ್ಯಾಕ್ಸಿಯನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ನಾನು ಒಮ್ಮೆ ಹಾಗೆ ಮಾಡದೆ ಆ ಪುಟ್ಟ ಸ್ಟೇಷನ್ನಿನಲ್ಲಿ ಮಳೆಯಲ್ಲಿ ಒಂದೂವರೆ ಗಂಟೆ ನಿಂತಿದ್ದೆ. ರಾತ್ರಿ ತಂಗುವುದಾದರೆ ವೆಸ್ಟಲ್‌ಟನ್ ಹಳ್ಳಿಯಲ್ಲಿ ತಂಗಿ. ಬೆಳಿಗ್ಗೆ ಲಂಡನ್ನಿನಿಂದ ಹೊರಟು ಬರುವವರು ತಲುಪುವ ಹೊತ್ತಿಗೆ ನೀವು ಆಗಲೇ ಎರಡು ಗಂಟೆ ಕೂತಿರುತ್ತೀರಿ.

ಸಾಮರ್ಸೆಟ್ ಲೆವೆಲ್ಸ್

ಚಳಿಗಾಲದಲ್ಲಿ ಯಾರಾದರೂ ಕೇಳಿದರೆ ಎರಡನೆಯ ಮಾತಿಲ್ಲದೆ ಇಲ್ಲಿಗೆ ಕಳಿಸುತ್ತೇನೆ. ತೋಟಗಳಿಗೆ ಮಾರಲೆಂದು ಪೀಟ್ ಎಂಬ ಕಪ್ಪು ಜೌಗುಮಣ್ಣನ್ನು ದಶಕಗಳ ಕಾಲ ಅಗೆದು ತೆಗೆದ ಹೊಂಡಗಳು ನೀರು ತುಂಬಿ ಜೊಂಡಾದ ನಾಡು ಇದು. ಹ್ಯಾಮ್ ವಾಲ್, ಶಾಪಿಕ್ ಹೀತ್, ವೆಸ್ಟ್‌ಹೇ ಮೂರ್ ಅಕ್ಕಪಕ್ಕದಲ್ಲೇ ಇವೆ. ನವೆಂಬರಿನಿಂದ ಫೆಬ್ರವರಿವರೆಗೆ ಲಕ್ಷಾಂತರ ಸ್ಟಾರ್ಲಿಂಗ್‌ಗಳು ರಾತ್ರಿ ಕಳೆಯಲು ಈ ಜೊಂಡಿಗೆ ಬರುತ್ತವೆ. ನಮ್ಮ ಗೊರವಂಕದ ದಾಯಾದಿ ಹಕ್ಕಿ ಅದು. ಉತ್ತರ ಕರ್ನಾಟಕದ ಜೋಳದ ಹೊಲಗಳ ಮೇಲೆ ಚಳಿಗಾಲದಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೊರಳುವುದನ್ನು ಕಂಡವರಿಗೆ ಇದರ ಅಂದಾಜು ಸಿಗಬಹುದು. ಇಲ್ಲಿ ಆ ಹಿಂಡು ಆಕಾಶವನ್ನೇ ತುಂಬುತ್ತದೆ. ಹೊಗೆಯಂತೆ ಎದ್ದು, ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ತೆಳುವಾಗಿ, ಕೊನೆಗೆ ಯಾರೋ ಕೊಳವೆಯಲ್ಲಿ ಸುರಿದ ಹಾಗೆ ಒಂದೇ ಜಾಗಕ್ಕೆ ಇಳಿಯುತ್ತದೆ. ಇಳಿದ ಮೇಲೆ ಜೊಂಡಿನೊಳಗಿಂದ ಬರುವ ಕಲರವ ದೂರದ ಜಲಪಾತದ ಸದ್ದಿನಂತಿರುತ್ತದೆ.

ಮಕ್ಕಳಿರುವ ಮನೆಗೆ ಇದರಲ್ಲೊಂದು ದೊಡ್ಡ ಅನುಕೂಲ. ಡಿಸೆಂಬರಿನಲ್ಲಿ ಸೂರ್ಯ ನಾಲ್ಕು ಗಂಟೆಗೆಲ್ಲ ಮುಳುಗುವುದರಿಂದ ಯಾರೂ ಬೆಳಗಿನ ಜಾವ ಏಳಬೇಕಿಲ್ಲ. ಮಧ್ಯಾಹ್ನ ಊಟ ಮುಗಿಸಿ ಮೂರು ಗಂಟೆಗೆ ಜಾಗ ಹಿಡಿದರೆ ಐದಕ್ಕೆ ಎಲ್ಲ ಮುಗಿದಿರುತ್ತದೆ. ಹ್ಯಾಮ್ ವಾಲ್‌ನ ಮುಖ್ಯ ದಾರಿ 1966ರಲ್ಲಿ ಮುಚ್ಚಿದ ಹಳೆಯ ರೈಲುಮಾರ್ಗ, ಹಪ್ಪಳ ಒಣಗಿಸುವ ಹಾಗೆ ಸಪಾಟು; ತಳ್ಳುಗಾಡಿಗೂ ಮಂಡಿನೋವಿಗೂ ಇದಕ್ಕಿಂತ ಒಳ್ಳೆಯ ದಾರಿ ಸಿಗದು. ಪ್ರವೇಶಕ್ಕೆ ಹಣವಿಲ್ಲ, ಸದಸ್ಯರಲ್ಲದವರು ಕಾರು ನಿಲ್ಲಿಸಲು ಮಾತ್ರ ಕೊಡಬೇಕು. ಎದುರಿಗೆ ಗ್ಲಾಸ್ಟನ್‌ಬರಿಯ ಗುಡ್ಡ, ಅದರ ನೆತ್ತಿಯ ಗೋಪುರ.

ನಾಲ್ಕು ಎಚ್ಚರಿಕೆಗಳು. ಹಿಂಡು ಇಳಿಯುವ ಜಾಗ ಆಗಾಗ ಬದಲಾಗುತ್ತದೆ. ಹಿಂದಿನ ಸಂಜೆ ಎಲ್ಲಿ ಇಳಿದವು ಎಂದು ಹೇಳುವ ದೂರವಾಣಿ ಸಂದೇಶದ ವ್ಯವಸ್ಥೆಯಿದೆ, ಹೊರಡುವ ದಿನ ಅದನ್ನು ಕೇಳಿ. ಶನಿವಾರ ಕಾರು ನಿಲ್ಲಿಸುವ ಜಾಗ ಬೇಗ ತುಂಬುತ್ತದೆ. ವಾಪಸ್ಸು ಕತ್ತಲಲ್ಲಿ ನಡೆಯಬೇಕು, ಟಾರ್ಚ್ ಬೇಕೇ ಬೇಕು. ಕಾರಿಲ್ಲದವರಿಗೆ ಇದು ಕಷ್ಟದ ಜಾಗ: ಬ್ರಿಸ್ಟಲ್‌ನಿಂದ ಗ್ಲಾಸ್ಟನ್‌ಬರಿಗೆ ಬಸ್ಸಿದೆ, ಅಲ್ಲಿಂದ ಮುಂದಕ್ಕೆ ಸೈಕಲ್ಲೋ ಟ್ಯಾಕ್ಸಿಯೋ ಆಗಬೇಕು. ನಾಲ್ಕು ಜನ ಸೇರಿ ಒಂದು ಬಾಡಿಗೆ ಕಾರು ಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ಈ ಪಟ್ಟಿಯಲ್ಲೇ ಅತಿ ಕಡಿಮೆ.

ವಸಂತದಲ್ಲೂ ಬಿಟರ್ನ್ ಕೂಗು ಇಲ್ಲಿ ಚೆನ್ನಾಗಿ ಕೇಳುತ್ತದೆ, ಮಿನ್ಸ್‌ಮಿಯರ್‌ಗಿಂತ ಹೈಡ್‌ಗಳು ಖಾಲಿ. ಸುತ್ತಾಡಿ ಬೇಸರವಾದವರು ಶಾಪಿಕ್ ಹೀತ್‌ನ ಒಳದಾರಿಯಲ್ಲಿ ಒಂದಷ್ಟು ನಡೆಯಿರಿ. ಕ್ರಿಸ್ತಪೂರ್ವ 3800ರ ಆಸುಪಾಸಿನಲ್ಲಿ ಇದೇ ಜೊಂಡಿನ ಮೇಲೆ ಹಲಗೆ ಹಾಸಿ ಜನ ದಾಟಿದ ಕಾಲುದಾರಿ ಪೀಟ್ ಅಗೆಯುವಾಗ ಇಲ್ಲಿ ಸಿಕ್ಕಿತು. ಸ್ವೀಟ್ ಟ್ರ್ಯಾಕ್ ಎಂದು ಅದರ ಹೆಸರು.

ಹಾಲೆಂಡಿನ ಓಸ್ಟ್‌ವಾರ್ಡರ್ಸ್‌ಪ್ಲಾಸೆನ್

ಹೆಸರು ಉದ್ದ, ಜಾಗವೂ ದೊಡ್ಡದು: ಸುಮಾರು 56 ಚದರ ಕಿ.ಮೀ. ಫ್ಲೆವೊಲ್ಯಾಂಡ್ ಎಂಬ ಈ ಪ್ರಾಂತ್ಯ ಇರುವುದೇ ಸಮುದ್ರದ ತಳದಲ್ಲಿ. 1968ರಲ್ಲಿ ಒಡ್ಡು ಕಟ್ಟಿ ನೀರು ಬಸಿದು ತೆಗೆದ ನೆಲದಲ್ಲಿ ಕಾರ್ಖಾನೆಗಳಿಗೆಂದು ಮೀಸಲಿಟ್ಟ ತಗ್ಗಿಗೆ, ಕಾರ್ಖಾನೆ ಬರುವ ಮುಂಚೆ ಹಕ್ಕಿಗಳು ಬಂದು ನೆಲೆಸಿದವು. ಬೇಸಿಗೆಯಲ್ಲಿ ಸಾವಿರಾರು ಬೂದು ಹೆಬ್ಬಾತುಗಳು ಗರಿ ಉದುರಿಸಲು ಬಂದು ಜೊಂಡನ್ನು ಮೇಯುತ್ತವೆ, ಅದರಿಂದಲೇ ಜೊಂಡು ಪೂರ್ತಿ ಮುಚ್ಚಿಕೊಳ್ಳದೆ ನಡುನಡುವೆ ನೀರು ತೆರೆದಿರುತ್ತದೆ. ಇಂಗ್ಲೆಂಡಿನಲ್ಲಿ ಕತ್ತಿ, ಯಂತ್ರ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ಹೆಬ್ಬಾತು ಮಾಡುತ್ತದೆ. 2006ರಲ್ಲಿ ಬಿಳಿಬಾಲದ ಕಡಲಹದ್ದು ಹಾಲೆಂಡಿನಲ್ಲಿ ಮೊದಲು ಗೂಡು ಕಟ್ಟಿದ್ದೂ ಇಲ್ಲೇ.

ಪ್ರಾಣಿಗಳ ವಿಷಯದಲ್ಲಿ ಈ ಜಾಗದ ಮೇಲೆ ಒಂದು ನೋವಿನ ಚರ್ಚೆಯಿದೆ. ಬೇಲಿಯೊಳಗೆ ಬಿಟ್ಟ ಕುದುರೆ, ದನ, ಕೆಂಪು ಜಿಂಕೆಗಳು ಮೇವು ಸಾಲದೆ 2017-18ರ ಚಳಿಗಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ಸತ್ತವು, ಜನ ಬೀದಿಗಿಳಿದರು, ಆಮೇಲೆ ಮಂದೆಯನ್ನು ಕಡಿಮೆ ಮಾಡಿದರು. ಹೋಗುವವರು ಇದನ್ನು ತಿಳಿದುಕೊಂಡೇ ಹೋಗಬೇಕು ಎಂದು ನನಗನ್ನಿಸುತ್ತದೆ.

ಕಾರಿಲ್ಲದವರಿಗೆ ನಾಲ್ಕರಲ್ಲಿ ಅತ್ಯಂತ ಸುಲಭ ಇದು. ಲಂಡನ್ನಿನಿಂದ ಆಮ್ಸ್ಟರ್‌ಡ್ಯಾಮ್‌ಗೆ ನೇರ ರೈಲು ಸುಮಾರು ನಾಲ್ಕು ಗಂಟೆ, ಅಲ್ಲಿಂದ ಅಲ್ಮೇರೆ ಊರಿಗೆ ಅರ್ಧ ಗಂಟೆ. ಅಲ್ಮೇರೆ ಓಸ್ಟ್‌ವಾರ್ಡರ್ಸ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಜೊಂಡಿನ ಅಂಚು ಸೇರಬಹುದು. ಶುಕ್ರವಾರ ರಾತ್ರಿ ಹಾರಿಚ್ ಬಂದರಿನಿಂದ ಹಡಗು ಹತ್ತಿ ಮಲಗಿ, ಬೆಳಿಗ್ಗೆ ಹಾಲೆಂಡಿನಲ್ಲಿ ಏಳುವ ದಾರಿಯೂ ಇದೆ. ಒಂದು ರಾತ್ರಿಯ ಹೋಟೆಲ್ ಉಳಿಯುತ್ತದೆ, ನನಗೆ ಅದೇ ಹೆಚ್ಚು ಇಷ್ಟ. ಬಾಡಿಗೆ ಸೈಕಲ್ ಪಡೆದು ಒಡ್ಡಿನ ಮೇಲಿನ ರಸ್ತೆಯಲ್ಲಿ ಅಲ್ಮೇರೆಯಿಂದ ಲೆಲಿಸ್ಟಾಡ್ ಕಡೆಗೆ ಹೋದರೆ ಒಂದು ಪಕ್ಕ ತೆರೆದ ನೀರು, ಇನ್ನೊಂದು ಪಕ್ಕ ನೀರಿಗಿಂತ ತಗ್ಗಿನಲ್ಲಿರುವ ಜೊಂಡು.

ಆದರೆ ಸೈಕಲ್ ತುಳಿಯಲಾರದವರಿಗೆ ಇದು ಸೊಗಸಲ್ಲ. ಜೌಗಿನ ಒಳಭಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಅಂಚಿನ ದಿಬ್ಬಗಳಿಂದ, ಹೈಡ್‌ಗಳಿಂದ ದೂರಕ್ಕೆ ನೋಡಬೇಕು. ಕೈಯಲ್ಲಿ ದುರ್ಬೀನು ಮಾತ್ರ ಇದ್ದರೆ ಹದ್ದು ಒಂದು ಚುಕ್ಕೆ. ಮೂರುಕಾಲಿನ ದೂರದರ್ಶಕ ಇರುವವರಿಗೆ ಇಲ್ಲಿ ಹಬ್ಬ. ಗಾಳಿಯ ವಿಷಯವನ್ನೂ ಹೇಳಬೇಕು. ಆ ಒಡ್ಡಿನ ಮೇಲೆ ಎದುರುಗಾಳಿ ಬೀಸಿದರೆ ಎಂಟು ಕಿ.ಮೀ. ಇಪ್ಪತ್ತರ ಹಾಗಾಗುತ್ತದೆ. ಹವಾಮಾನ ನೋಡಿ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹೋಗುವ ದಿಕ್ಕನ್ನು ಮೊದಲೇ ಆರಿಸಿ, ವಾಪಸ್ಸು ಲೆಲಿಸ್ಟಾಡ್‌ನಿಂದ ರೈಲಿನಲ್ಲಿ ಬನ್ನಿ. ಏಪ್ರಿಲ್-ಮೇ ತಿಂಗಳಲ್ಲಿ ಕೊರಳು ನೀಲಿಯಾದ ಬ್ಲೂಥ್ರೋಟ್ ಜೊಂಡಿನ ತುದಿಗೆ ಬಂದು ಹಾಡುತ್ತದೆ. ಆ ಒಂದು ಹಕ್ಕಿಗಾಗಿ ಎದುರುಗಾಳಿಯನ್ನೂ ಸಹಿಸಬಹುದು.

ಆಸ್ಟ್ರಿಯಾದ ನಾಯ್ಸೀಡ್ಲರ್ ಸೇ

ನಾಲ್ಕರಲ್ಲಿ ಖರ್ಚು ಹೆಚ್ಚು, ಎರಡು ದಿನಕ್ಕೆ ಬಿಗಿ, ಒಂದು ಸೋಮವಾರ ರಜೆ ಸೇರಿಸಿಕೊಳ್ಳಲೇಬೇಕು. ವೀಸಾದ ತೊಡಕಿಲ್ಲದವರಿಗೆ, ಈಗಾಗಲೇ ಇಂಗ್ಲೆಂಡಿನ ಜೊಂಡು ನೋಡಿದವರಿಗೆ ನನ್ನ ಆಯ್ಕೆ ಇದು. ವಿಯೆನ್ನಾದಿಂದ ಆಗ್ನೇಯಕ್ಕೆ, ಹಂಗೆರಿಯ ಗಡಿಗೆ ಹರಡಿಕೊಂಡ ಸರೋವರ. ಎಷ್ಟು ದೊಡ್ಡದೋ ಅಷ್ಟು ಆಳವಿಲ್ಲ. ಅತಿ ಆಳದ ಕಡೆಯೂ ಎರಡು ಮೀಟರ್ ಮುಟ್ಟದು. ಅದರ ಸುತ್ತ ಸುಮಾರು 180 ಚದರ ಕಿ.ಮೀ. ಜೊಂಡು. ಯೂರೋಪಿನಲ್ಲಿ ಇದಕ್ಕಿಂತ ದೊಡ್ಡ ಒಂದೇ ಹರವಿನ ಜೊಂಡು ಡ್ಯಾನ್ಯೂಬ್ ನದಿಯ ಮುಖಜದಲ್ಲಿ ಮಾತ್ರ. ಆ ಡ್ಯಾನ್ಯೂಬ್ ಮುಖಜದ ಬಗ್ಗೆಯೂ ಕೆಲವರು ಕೇಳುತ್ತಾರೆ. ಬುಕಾರೆಸ್ಟ್‌ನಿಂದ ರಸ್ತೆಯಲ್ಲಿ ಅರ್ಧ ದಿನ, ಆಮೇಲೆ ದೋಣಿ. ವಾರವಿದ್ದರೆ ಹೋಗಿ, ವಾರಾಂತ್ಯಕ್ಕೆ ಬೇಡ.

ನಾಯ್ಸೀಡ್ಲ್‌ನ ಗುಣ ಏನೆಂದರೆ ಜೊಂಡು ದಾಟಿದ ಕೂಡಲೇ ಬೇರೆ ಲೋಕ. ಪೂರ್ವಕ್ಕೆ ಜೀವಿಂಕಲ್ ಎಂಬ ಸೀಮೆಯಲ್ಲಿ ಹತ್ತಾರು ಉಪ್ಪುಕೊಳಗಳು, ಅವುಗಳ ಅಂಚಿನಲ್ಲಿ ವಲಸೆಯ ನೀರುಹಕ್ಕಿಗಳು. ಪಶ್ಚಿಮ ದಂಡೆಯ ರುಸ್ಟ್ ಪಟ್ಟಣದಲ್ಲಿ ಮನೆಗಳ ಹೊಗೆಗೂಡಿನ ಮೇಲೆ ಬಿಳಿ ಕೊಕ್ಕರೆಗಳ ಗೂಡು. ಬೀದಿಯಲ್ಲಿ ಕಾಫಿ ಕುಡಿಯುತ್ತಾ ತಲೆ ಎತ್ತಿದರೆ ಸಾಕು, ದುರ್ಬೀನೇ ಬೇಡ. ಇಲ್ಮಿಟ್ಸ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರ ಇದೆ, ತಂಗಲು ಅದೇ ಒಳ್ಳೆಯ ಊರು.

ನನ್ನನ್ನು ಅಲ್ಲಿಗೆ ಎಳೆದದ್ದು ಮಾತ್ರ ಜೊಂಡಿನ ಹಕ್ಕಿಯಲ್ಲ. ಆಂಡೌ ಊರಿನ ಪಕ್ಕದ ಹನ್‌ಸಾಗ್ ಬಯಲಿನಲ್ಲಿ ಗ್ರೇಟ್ ಬಸ್ಟರ್ಡ್ ಇದೆ, ನಮ್ಮ ಎರೆಭೂತದ ದಾಯಾದಿ. ಸಿರುಗುಪ್ಪದ ಹೊಲಗಳಲ್ಲಿ ಎರೆಭೂತ ಬೆರಳೆಣಿಕೆಗೆ ಇಳಿದಿದೆ. ಬಳ್ಳಾರಿಯ ಕಡೆ ಎರಡು ಸಲ ಹೋಗಿ ಎರಡು ಸಲವೂ ಕಾಣದೆ ಬಂದಿದ್ದೆ. ಹನ್‌ಸಾಗ್‌ನ ಮರದ ಅಟ್ಟಣೆಯ ಮೇಲೆ ಏಪ್ರಿಲ್‌ನ ಒಂದು ಬೆಳಿಗ್ಗೆ ನಿಂತಿದ್ದಾಗ ದೂರದ ಹಸಿರಿನಲ್ಲಿ ಯಾರೋ ಬಿಳಿ ಬಟ್ಟೆಯ ಮೂಟೆ ಮರೆತು ಹೋದಂತೆ ಕಂಡಿತು. ಮೂಟೆ ಅಲುಗಿತು. ಹತ್ತು ಕಿಲೋ ಮೀರುವ ಗಂಡು ರೆಕ್ಕೆಗಳನ್ನು ಮಗುಚಿ, ಬಾಲವನ್ನು ಬೆನ್ನಿಗೆ ಹಾಕಿ, ಬಿಳಿಯ ಹೂವಾಗಿ ಅರಳಿ ನಿಂತಿತ್ತು. ಕಣ್ಣು ತುಂಬಿ ಬಂದು ದುರ್ಬೀನಿನ ಗಾಜು ಮಸುಕಾಯಿತು. ಬಯಲುಸೀಮೆಯವರು ಈ ಅರ್ಧ ದಿನವನ್ನು ದಯವಿಟ್ಟು ಬಿಡಬೇಡಿ.

ವಿಯೆನ್ನಾಕ್ಕೆ ವಿಮಾನ ಎರಡೂಕಾಲು ಗಂಟೆ. ವಿಮಾನ ನಿಲ್ದಾಣ ನಗರದಿಂದ ಸರೋವರದ ಕಡೆಗೇ ಇರುವುದರಿಂದ ಅಲ್ಲೇ ಕಾರು ಬಾಡಿಗೆಗೆ ಹಿಡಿದರೆ ಸಮಯ ಉಳಿಯುತ್ತದೆ. ರೈಲಿನಲ್ಲಿ ನಾಯ್ಸೀಡ್ಲ್ ಊರಿಗೆ ಬಂದು ಬಸ್ಸಿನಲ್ಲಿ ಇಲ್ಮಿಟ್ಸ್ ಸೇರಿ ಸೈಕಲ್ ಹಿಡಿಯಬಹುದು, ನೆಲ ಪೂರ್ತಿ ಸಪಾಟು. ಆದರೆ ಹನ್‌ಸಾಗ್‌ಗೆ ಕಾರೇ ಬೇಕು. ಸಸ್ಯಾಹಾರಿಗಳಿಗೆ ಹಳ್ಳಿಯ ಹೋಟೆಲುಗಳಲ್ಲಿ ಚೀಸ್ ಹಾಕಿದ ಶಾವಿಗೆಯಂಥ ಒಂದು ತಿನಿಸು ಬಿಟ್ಟರೆ ಹೆಚ್ಚಿನದು ಸಿಗುವುದಿಲ್ಲ, ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ಜೂನ್ ನಂತರ ಸೊಳ್ಳೆ ಮತ್ತು ಬಿಸಿಲು. ಮಳೆ ಕೈಕೊಟ್ಟ ವರ್ಷಗಳಲ್ಲಿ ಉಪ್ಪುಕೊಳಗಳು ಒಣಗುತ್ತವೆ. 2022ರ ಬೇಸಿಗೆಯಲ್ಲಿ ಸಾಂಕ್ಟ್ ಆಂಡ್ರೆ ಊರಿನ ತ್ಸಿಕ್‌ಸೇ ಪೂರ್ತಿ ಬತ್ತಿ ಬಿರುಕುಬಿಟ್ಟ ನೆಲವಾಯಿತು. ಹಣ ಕಟ್ಟುವ ಮುಂಚೆ ಆ ವರ್ಷದ ನೀರಿನ ಸ್ಥಿತಿ ವಿಚಾರಿಸಿ.

ಹಾಗಾದರೆ ಯಾವುದು?

ಮಾರ್ಚ್ ಕೊನೆಯಿಂದ ಮೇವರೆಗೆ, ಊರಿಂದ ಬಂದ ಹಿರಿಯರ ಜೊತೆ: ಮಿನ್ಸ್‌ಮಿಯರ್, ಒಂದು ರಾತ್ರಿ ವೆಸ್ಟಲ್‌ಟನ್‌ನಲ್ಲಿ. ನವೆಂಬರಿನಿಂದ ಫೆಬ್ರವರಿ, ಚಿಕ್ಕ ಮಕ್ಕಳು, ಕಡಿಮೆ ಖರ್ಚು: ಸಾಮರ್ಸೆಟ್. ಕಾರಿಲ್ಲ, ವೀಸಾ ಇದೆ, ಸೈಕಲ್ ತುಳಿಯುತ್ತೀರಿ: ಹಾಲೆಂಡ್. ಮೂರು ದಿನ ಸಿಗುತ್ತದೆ, ಕೈಯಲ್ಲಿ ಸ್ವಲ್ಪ ಹಣವಿದೆ, ಬೇರೆಯದೇ ನಾಡು ನೋಡಬೇಕು: ನಾಯ್ಸೀಡ್ಲ್, ಏಪ್ರಿಲ್ ಕೊನೆಯಲ್ಲಿ.

ಮ್ಯಾಂಚೆಸ್ಟರ್, ಲೀಡ್ಸ್ ಕಡೆಯವರು ಇಷ್ಟು ದೂರ ಬರುವ ಅಗತ್ಯವೇ ಇಲ್ಲ. ಲ್ಯಾಂಕಶೈರ್‌ನ ಲೇಟನ್ ಮಾಸ್ ಇದೆ, ಸಿಲ್ವರ್‌ಡೇಲ್ ಸ್ಟೇಷನ್ನಿನಿಂದ ನಡೆದು ಹತ್ತು ನಿಮಿಷ. ಮೀಸೆಗುಬ್ಬಿ ನೋಡಲೇಬೇಕು ಎನ್ನುವ ಹಟವಿದ್ದರೆ, ಲಂಡನ್ನಿನವರಿಗೂ ನಾನು ಅಕ್ಟೋಬರಿನಲ್ಲಿ ಹೇಳುವುದು ಅದನ್ನೇ. ಬೇಸಿಗೆಯಲ್ಲಿ ಹುಳ ತಿನ್ನುವ ಈ ಹಕ್ಕಿ ಚಳಿಗಾಲಕ್ಕೆ ಜೊಂಡಿನ ಬೀಜಕ್ಕೆ ಬದಲಾಗುತ್ತದೆ. ಬೀಜ ಅರೆಯಲು ಹೊಟ್ಟೆಗೆ ಮರಳು ಬೇಕು. ಅದಕ್ಕೆಂದು ಅಲ್ಲಿ ತಟ್ಟೆಗಳಲ್ಲಿ ಮರಳುಹರಳು ಇಟ್ಟಿರುತ್ತಾರೆ, ಹಕ್ಕಿ ತಾನಾಗಿ ಬಂದು ಕೂರುತ್ತದೆ.

ಎಲ್ಲಿಗೆ ಹೋದರೂ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ 8x42 ದುರ್ಬೀನು ಸಾಕು, ಅದಕ್ಕಿಂತ ಹೆಚ್ಚು ದೊಡ್ಡದು ಮಾಡುವುದು ಕೈನಡುಕವನ್ನೂ ದೊಡ್ಡದು ಮಾಡುತ್ತದೆ. ಮೇ ತಿಂಗಳಲ್ಲೂ ಸ್ವೆಟರ್, ಗಾಳಿ ತಡೆಯುವ ಕೋಟು, ಹಿರಿಯರಿಗೆ ಕಿವಿ ಮುಚ್ಚುವ ಟೋಪಿ. ಹೈಡ್‌ನಲ್ಲಿ ಫೋನಿನ ಸದ್ದು ಬೇಡ, ಪಿಸುಮಾತು ಸಾಕು. ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿ-ಪಲ್ಯವೋ, ಫ್ಲಾಸ್ಕಿನಲ್ಲಿ ಕಾಫಿ ಇದ್ದರೆ ಹಸಿವಾಯಿತೆಂದು ಒಳ್ಳೆಯ ಹೊತ್ತಿನಲ್ಲಿ ಎದ್ದುಹೋಗಬೇಕಾಗುವುದಿಲ್ಲ. ರೈಲಿನಲ್ಲಿ ಮಕ್ಕಳ ಜೊತೆ ಹೋಗುವವರು ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ, ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ. 60 ಕಡಿತ.

ಇನ್ನು ದಿನ ಆರಿಸುವ ವಿಷಯ. ಶನಿವಾರ, ಭಾನುವಾರ ಎರಡರಲ್ಲಿ ಯಾವುದರ ಬೆಳಿಗ್ಗೆ ಗಾಳಿ ಕಡಿಮೆಯೋ ಆ ಬೆಳಿಗ್ಗೆಯನ್ನು ಜೊಂಡಿಗೆ ಕೊಡಿ, ಬಿಸಿಲು ಮೋಡ ಲೆಕ್ಕಿಸಬೇಡಿ. ಗಾಳಿಯಿದ್ದರೆ ಮೀಸೆಗುಬ್ಬಿಗಳು ಬುಡಕ್ಕಿಳಿದುಬಿಡುತ್ತವೆ. ಗಾಳಿ ನಿಂತಾಗ ಮೊದಲು ಒಳಗಿನಿಂದ ಗೆಜ್ಜೆಯ ಒಂದೇ ಮಣಿ ಅಲುಗಿದ ಹಾಗೆ ‘ಪಿಂಗ್’ ಎಂಬ ಸದ್ದು ಬರುತ್ತದೆ, ಆ ಕಡೆಯಿಂದ ಇನ್ನೊಂದು ಉತ್ತರ ಕೊಡುತ್ತದೆ. ಆಗ ದುರ್ಬೀನನ್ನು ಕಣ್ಣಿಗೆ ಹಿಡಿದು ಸದ್ದು ಬಂದಲ್ಲಿ ಅಲುಗುತ್ತಿರುವ ಕಡ್ಡಿಗಳನ್ನು ಹುಡುಕಿ. ಎರಡು ಕಡ್ಡಿಗಳಿಗೆ ಒಂದೊಂದು ಕಾಲು ಕೊಟ್ಟು, ಕಾಲುಗಳನ್ನು ಅಗಲಿಸಿಕೊಂಡು, ಬೆರಳುದ್ದದ ಆ ಹಕ್ಕಿ ಮೆಲ್ಲಮೆಲ್ಲಗೆ ತುದಿಯ ಕುಚ್ಚಿನವರೆಗೆ ಏರಿ ಬರುತ್ತದೆ.